ಅವರ ಮಾತು, ನನ್ನ ದನಿ

ಹದಿಮೂರು ವರ್ಷದ ಹಿಂದೆ, ದಸರಾ ರಜೆಯಲ್ಲಿ, ಹತ್ತು ದಿನದ ಮಟ್ಟಿಗೆ ನಾನು ದುಭಾಷಿಯಾಗಿದ್ದೆ. ಅದಕ್ಕೆ ಮುಂಚೆ ಆ ಕೆಲಸ ಮಾಡಿರಲಿಲ್ಲ. ಆಮೇಲೆ ಯಾರು ಕರೆದರೂ ಹೋಗಿಲ್ಲ. ಕುಮಟೆಯಲ್ಲಿ ಒಮ್ಮೆ ಕಣ್ಣಿನ ಶಿಬಿರಕ್ಕೆ ಪರದೇಶದ ಡಾಕ್ಟರುಗಳು ಬಂದಿದ್ದಾಗ, ‘ಮೇಡಂ, ಒಂದೇ ಒಂದು ದಿನ ಬಂದು ಅವರ ಮಾತನ್ನು ಕನ್ನಡದಲ್ಲಿ ಹೇಳಿಕೊಡಿ’ ಎಂದು ನಮ್ಮ ಕಾಲೇಜಿಗೇ ಬಂದು ಕೇಳಿದ್ದರು. ಗಂಟಲು ಸರಿಯಿಲ್ಲ ಎಂದು ಕಳಿಸಿದೆ. ಗಂಟಲಿಗೆ ಏನೂ ಆಗಿರಲಿಲ್ಲ.

ಆಗ ನನಗೆ ಇಪ್ಪತ್ತಾರು. ಬಿ.ಎಡ್. ಮುಗಿಸಿ ಹೊನ್ನಾವರದ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಇಂಗ್ಲಿಷ್ ಕಲಿಸುತ್ತಿದ್ದೆ. ಹಳದೀಪುರದ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಶರಾವತಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ, ಹೆದ್ದಾರಿಯ ಪಕ್ಕದಲ್ಲಿ, ಒಂದು ಹಳೆಯ ಹಂಚಿನ ಮನೆಯಲ್ಲಿ ಹೆಣ್ಣುಮಕ್ಕಳ ಅನಾಥಾಲಯವಿತ್ತು. ಬೋರ್ಡಿನ ಮೇಲೆ ‘ಮಕ್ಕಳ ಮನೆ’ ಎಂದಿತ್ತು. ಊರವರು ಹಾಸ್ಟೆಲ್ ಅನ್ನುತ್ತಿದ್ದರು. ಒಬ್ಬ ಪಾಸ್ಟರು ಮತ್ತು ಅವರ ಹೆಂಡತಿ ಅದನ್ನು ನಡೆಸುತ್ತಿದ್ದರು. ಅಲ್ಲಿನ ದೊಡ್ಡ ಹುಡುಗಿಯರು ನಾಲ್ಕೈದು ಜನ ನಮ್ಮ ಶಾಲೆಗೆ ಬರುತ್ತಿದ್ದರು. ಆ ವರ್ಷ ಚಳಿ ದೇಶದ ಒಂದು ಚರ್ಚಿನಿಂದ ಹನ್ನೊಂದು ಜನ ಮಕ್ಕಳ ಮನೆಗೆ ಸೇವೆಗೆಂದು ಬರುವವರಿದ್ದರು. ಪಾಸ್ಟರಿಗೆ ಇಂಗ್ಲಿಷ್ ಬರುತ್ತಿತ್ತು. ಆದರೆ ಹನ್ನೊಂದು ಜನರ ಹಿಂದೆ ಅವರೊಬ್ಬರೇ ಎಷ್ಟು ಓಡುತ್ತಾರೆ? ಅವರು ನಮ್ಮ ಹೆಡ್ಮಾಸ್ಟರನ್ನು ಕೇಳಿದರು. ಹೆಡ್ಮಾಸ್ಟರು ನನ್ನನ್ನು ತೋರಿಸಿದರು.

ಮನೆಯಲ್ಲಿ ನನ್ನ ತಾಯಿಗೆ – ನಾವು ಆಯಿ ಅನ್ನುವುದು – ಇದು ಹಿಡಿಸಲಿಲ್ಲ.

‘ಅವು ಹೇಳಿದ್ದ ಇವ್ಕೆ ಹೇಳದು, ಇವು ಹೇಳಿದ್ದ ಅವ್ಕೆ ಹೇಳದು. ಹಿಂಗೂ ಒಂದು ಕೆಲ್ಸ ಇದ್ದ?’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಊಟನೂ ಅಲ್ಲೇ ಮಾಡ್ತ್ಯ?’ ಎಂದಳು.

‘ಇಲ್ಲೆ, ಡಬ್ಬಿ ತಗಂಡು ಹೋಗ್ತೆ’ ಎಂದೆ. ಅಷ್ಟಕ್ಕೆ ಸುಮ್ಮನಾದಳು.

ಮೊದಲ ದಿನವೇ ಪಾಸ್ಟರು ಒಂದು ಮಾತು ಹೇಳಿಕೊಟ್ಟರು. ‘ಅವರು ಹೀಗೆ ಹೇಳ್ತಾರೆ, ಅವರು ಹಾಗೆ ಹೇಳ್ತಾರೆ ಅಂತ ಸೇರಿಸಬೇಡಿ ಟೀಚರ್. ಮಕ್ಕಳಿಗೆ ಗೊಂದಲ ಆಗ್ತದೆ. ಅವರು ನಾನು ಅಂದ್ರೆ ನೀವೂ ನಾನು ಅನ್ನಿ. ಅವರೇ ಕನ್ನಡದಲ್ಲಿ ಮಾತಾಡಿದ ಹಾಗೆ ಇರಲಿ.’ ಒಂದೆರಡು ಗಂಟೆಯಲ್ಲೇ ನನಗೆ ಅದು ರೂಢಿಯಾಯಿತು. ‘ನಾನು ವಿಮಾನದಲ್ಲಿ ಬಂದೆ’, ‘ನಮ್ಮೂರಲ್ಲಿ ಮಂಜು ಮೊಣಕಾಲಿನವರೆಗೆ ಬೀಳ್ತದೆ’, ‘ನಂಗೆ ಮೂರು ಮೊಮ್ಮಕ್ಕಳು’ – ಧಾರವಾಡದಾಚೆ ಏನೂ ಕಂಡಿರದ, ಮದುವೆಯೂ ಆಗದ ನಾನು ಇದನ್ನೆಲ್ಲ ಹೇಳುತ್ತಿದ್ದೆ. ಮಕ್ಕಳು ನನ್ನ ಬಾಯಿಯನ್ನೇ ನೋಡುತ್ತ ಕೇಳುತ್ತಿದ್ದವು.

ಬಂದವರಲ್ಲಿ ಹೆಚ್ಚಿನವರು ಕಾಲೇಜು ವಯಸ್ಸಿನವರು. ಗೋಡೆಗಳಿಗೆ ಬಣ್ಣ ಬಳಿದರು, ಹಾಡು ಕಲಿಸಿದರು. ಹಲ್ಲಿನ ಡಾಕ್ಟರೊಬ್ಬರಿದ್ದರು, ಅವರು ಎಲ್ಲ ಮಕ್ಕಳ ಬಾಯಿಯನ್ನೂ ತೆರೆಸಿ ನೋಡಿದರು. ಇವರ ನಡುವೆ ಅರವತ್ತು ದಾಟಿದ ಒಬ್ಬ ಹೆಂಗಸು. ಎತ್ತರದ ಆಳು, ಗಂಡಸರ ಹಾಗೆ ಗಿಡ್ಡಕ್ಕೆ ಕತ್ತರಿಸಿದ ಬಿಳಿಕೂದಲು. ತಮ್ಮೂರಿನಲ್ಲಿ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವರು. ಅವರಿಗೆ ಹಾಡಲು ಬರುತ್ತಿರಲಿಲ್ಲ, ಬಣ್ಣ ಬಳಿಯಲು ಏಣಿ ಹತ್ತುವುದು ಆಗುತ್ತಿರಲಿಲ್ಲ. ಎರಡನೆಯ ದಿನ ಹಿಂದಿನ ಜಗಲಿಯಲ್ಲಿ ಕೂತು, ‘ಈ ಮಕ್ಕಳ ಯೂನಿಫಾರ್ಮೆಲ್ಲ ತಂದುಕೊಡಿ, ಗುಂಡಿ ಹಚ್ಚುತ್ತೇನೆ’ ಎಂದರು.

ಆದರೆ ಸೂಜಿಯ ಕಣ್ಣು ಅವರಿಗೆ ಕಾಣುತ್ತಿರಲಿಲ್ಲ. ದಾರ ಪೋಣಿಸಿಕೊಡಲು ಏಳು ವರ್ಷದ ಒಬ್ಬ ಹುಡುಗಿ ಬಂದು ಪಕ್ಕದಲ್ಲಿ ಕೂತಳು. ರಜೆಯಾದ್ದರಿಂದ ಅರ್ಧದಷ್ಟು ಮಕ್ಕಳು ನೆಂಟರ ಮನೆಗೆ ಹೋಗಿದ್ದವು. ಇವಳನ್ನು ಕರೆದೊಯ್ಯಲು ಯಾರೂ ಬಂದಿರಲಿಲ್ಲ. ತಾಯಿ ತೀರಿಹೋಗಿದ್ದಳು. ಗೋವೆಯ ಕಡೆ ಮೀನಿನ ಬೋಟಿನ ಕೆಲಸಕ್ಕೆ ಹೋದ ತಂದೆ ತಿರುಗಿ ಬಂದಿರಲಿಲ್ಲ. ಇದ್ದವಳು ಭಟ್ಕಳದಲ್ಲಿ ತಾಯಿಯ ತಂಗಿ ಒಬ್ಬಳೇ. ಮೀನು ಮಾರುವವಳು. ಬೆಳಕು ಹರಿಯುವ ಮುಂಚೆ ಬಂದರದಲ್ಲಿರಬೇಕು, ಆಮೇಲೆ ಬುಟ್ಟಿ ಹೊತ್ತು ಮನೆಮನೆ ತಿರುಗಬೇಕು. ಅಷ್ಟು ಹೊತ್ತು ಮಗುವನ್ನು ನೋಡಿಕೊಳ್ಳುವವರಿಲ್ಲದೆ ಇಲ್ಲಿ ತಂದು ಬಿಟ್ಟಿದ್ದಳು.

ಎಂಟು ದಿನ ನಾವು ಮೂವರು ಆ ಜಗಲಿಯಲ್ಲಿ ಕೂತೆವು. ಒಂದು ತುದಿಗೆ ಆ ಹೆಂಗಸು, ಇನ್ನೊಂದು ತುದಿಗೆ ನಾನು, ನಡುವೆ ಹುಡುಗಿ. ಮೊದಲೆರಡು ದಿನ ಅವಳು ಬಾಯಿ ಬಿಡಲಿಲ್ಲ. ಮೂರನೆಯ ದಿನ ನನ್ನ ಕಡೆ ತಿರುಗಿ, ‘ಬಸ್ಸಲ್ಲಿ ಮಕ್ಳು ಗಲಾಟೆ ಮಾಡ್ತಿದ್ವಾ?’ ಎಂದು ಕೇಳಿದಳು. ನಾನು ಅದನ್ನು ಇಂಗ್ಲಿಷಿನಲ್ಲಿ ಕೇಳಿದೆ.

‘ಮಾಡ್ತಿದ್ವು. ಕನ್ನಡಿಯಲ್ಲಿ ನೋಡಿ ಕಣ್ಣು ದೊಡ್ಡದು ಮಾಡ್ತಿದ್ದೆ’ ಎಂದು ಅವರ ಉತ್ತರವನ್ನು ಕನ್ನಡ ಮಾಡಿದೆ.

‘ಬಸ್ ತಪ್ಪಿರೆ?’

‘ತಪ್ಪುಕೆ ಬಿಡ್ತಿರಲಿಲ್ಲ. ಅವರ ಬಾಗಿಲಿಗೆ ಹೋಗಿ ಹಾರ್ನ್ ಹೊಡೀತಿದ್ದೆ. ನಾ ಯಾರನ್ನೂ ಬಿಟ್ಟು ಹೋದವಳಲ್ಲ.’

ಹುಡುಗಿ ನಕ್ಕಳು. ಅವಳ ಮುಂದಿನ ಎರಡು ಹಲ್ಲು ಬಿದ್ದಿದ್ದು ಆಗಲೇ ನನಗೆ ಗೊತ್ತಾದದ್ದು. ಆಮೇಲೆ ಪ್ರಶ್ನೆಗಳು ಮುಗಿಯಲೇ ಇಲ್ಲ. ನಿಮ್ಮೂರಲ್ಲಿ ಸಮುದ್ರ ಇದೆಯಾ, ನಿಮ್ಮ ಆಯಿ ಇದ್ದಾರಾ, ನೀವು ಮೀನು ತಿನ್ನುತ್ತೀರಾ. ಐದನೆಯ ದಿನದಿಂದ ಅವಳು ನನ್ನ ತೊಡೆಗೆ ಒರಗಿ ಕೂರುತ್ತಿದ್ದಳು. ಸೂಜಿಯನ್ನು ಅವರ ಕೈಗೆ ಕೊಡುತ್ತಿದ್ದಳು, ಮಾತನ್ನು ನನ್ನಿಂದ ಕೇಳುತ್ತಿದ್ದಳು. ನನಗೆ ಇದು ಮುದ್ದಾಗಿ ಕಂಡಿತೇ ಹೊರತು ಅದರ ಬಗ್ಗೆ ನಾನು ಏನೂ ಯೋಚಿಸಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ, ಮಕ್ಕಳು ಊಟಕ್ಕೆ ಕೂತಿದ್ದಾಗ, ಆ ಹೆಂಗಸು ನನ್ನನ್ನು ಬಾವಿಯ ಹತ್ತಿರ ಕರೆದರು. ತಮಗೆ ಕಾಯಿಲೆ ಇರುವುದನ್ನು ಹೇಳಿದರು. ಡಾಕ್ಟರು ಹೆಚ್ಚು ದಿನ ಹೇಳಿಲ್ಲ, ಜೊತೆಗೆ ಬಂದವರಿಗೂ ಇದು ಗೊತ್ತಿಲ್ಲ ಎಂದರು. ಅವರಿಗೆ ನನ್ನ ಸಾಂತ್ವನ ಬೇಕಿರಲಿಲ್ಲ.

‘ಕೆಲವು ವರ್ಷದ ಹಿಂದೆ ಬೇರೊಂದು ದೇಶದಲ್ಲಿ, ಇಂಥದೇ ಮನೆಯಲ್ಲಿ, ಒಬ್ಬ ಹುಡುಗನಿಗೆ ಬೇಗ ಬರ್ತೇನೆ ಅಂದಿದ್ದೆ’ ಎಂದರು. ‘ಹೋಗಲಿಲ್ಲ. ಅವನು ಎರಡು ವರ್ಷ ನನ್ನ ದಾರಿ ನೋಡಿದ ಅಂತ ಆಮೇಲೆ ತಿಳೀತು. ಇನ್ನೊಂದು ಮಗುವಿಗೆ ಹಾಗೆ ಮಾಡಿ ಸಾಯುವುದು ನನಗೆ ಬೇಡ. ನಾಳೆ ನಾನು ಏನು ಹೇಳುತ್ತೇನೋ ಅದನ್ನು ಹೇಳಿದ ಹಾಗೇ ಅವಳಿಗೆ ಹೇಳು. ಮಾತು ಕೊಡು.’

ಕೊಟ್ಟೆ.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಗೋವೆಗೆ ಹೋಗುವ ವ್ಯಾನು ಅಂಗಳದಲ್ಲಿ ನಿಂತಿತ್ತು. ಮಕ್ಕಳು ಸಾಲಾಗಿ ನಿಂತು ಕಲಿತ ಹಾಡು ಹಾಡಿದವು. ಬಂದವರಲ್ಲಿ ಬಹಳ ಜನ ಅಳುತ್ತಿದ್ದರು, ಫೋಟೋ ತೆಗೆಸಿಕೊಳ್ಳುತ್ತಿದ್ದರು. ‘ಮುಂದಿನ ವರ್ಷ ಬರ್ತೇವೆ’ ಎಂದು ಒಬ್ಬಿಬ್ಬರು ಹೇಳಿದ್ದನ್ನು ಪಾಸ್ಟರು ಕನ್ನಡ ಮಾಡುತ್ತಿದ್ದರು. ನಾವು ಮೂವರು ಹಿಂದಿನ ಜಗಲಿಗೆ ಹೋದೆವು. ಆ ಹೆಂಗಸು ಕಷ್ಟಪಟ್ಟು ನೆಲಕ್ಕೆ ಮಂಡಿಯೂರಿ, ಹುಡುಗಿಯ ಎರಡೂ ಕೈ ಹಿಡಿದುಕೊಂಡು, ಒಂದೊಂದೇ ವಾಕ್ಯ ನಿಲ್ಲಿಸಿ ನಿಲ್ಲಿಸಿ ಹೇಳಿದರು.

‘ನಾನು ಇವತ್ತು ಹೋಗುತ್ತೇನೆ. ಮತ್ತೆ ಬರುವುದಿಲ್ಲ. ನನಗೆ ವಯಸ್ಸಾಗಿದೆ, ಮೈಗೆ ಹುಷಾರಿಲ್ಲ. ನೀನೇನೋ ತಪ್ಪು ಮಾಡಿದ್ದಕ್ಕೆ ನಾನು ಬರುತ್ತಿಲ್ಲ ಅಂದುಕೊಳ್ಳಬೇಡ. ನನಗಾಗಿ ಕಾಯಬೇಡ. ನಿನ್ನನ್ನು ಕರೆದೊಯ್ಯಲು ಯಾರಾದರೂ ನಿನ್ನವರು ಬಂದರೆ ಖುಷಿಯಿಂದ ಅವರ ಜೊತೆ ಹೋಗು.’

ಪ್ರತಿ ವಾಕ್ಯಕ್ಕೂ ಅವರು ನನಗಾಗಿ ನಿಂತರು. ಮೊದಲ ವಾಕ್ಯದಲ್ಲೇ ನಾನು ಸೋತೆ. ನಮ್ಮಲ್ಲಿ ಅಂಗಡಿಗೆ ಹೋಗುವವರೂ ‘ಹೋಗ್ತೆ’ ಅನ್ನುವುದಿಲ್ಲ. ಹಾಗೆ ಅಂದರೆ ಮನೆಯಲ್ಲಿ ಬೈಸಿಕೊಳ್ಳಬೇಕು. ಸಾಯಲು ಹೊರಟವಳ ಬಾಯಿಂದ ಏಳು ವರ್ಷದ ಮಗುವಿಗೆ ‘ಹೋಗುತ್ತೇನೆ, ಬರುವುದಿಲ್ಲ’ ಎಂದು ಹೇಗೆ ಹೇಳಲಿ? ಹುಡುಗಿ ನನ್ನ ಮುಖ ನೋಡುತ್ತಿದ್ದಳು.

‘ನಾ ಈಗ ಹೋಗಿ ಬತ್ತೆ, ಆತಾ?’ ಎಂದೆ. ‘ನಂಗೆ ಸ್ವಲ್ಪ ಹುಷಾರಿಲ್ಲ. ನೀ ಎಂತದೂ ತಪ್ಪು ಮಾಡ್ಲಿಲ್ಲ. ಬೇಜಾರ ಮಾಡ್ಕಬೇಡ. ಖುಷೀಲಿ ಇರು.’

‘ಯಾವಾಗ?’ ಎಂದಳು ಹುಡುಗಿ.

ಏನು ಕೇಳಿದಳು ಎಂದು ಆ ಹೆಂಗಸು ನನ್ನ ಕಡೆ ನೋಡಿದರು. ದಾರಿಯಲ್ಲಿ ಸುಖವಾಗಿ ಹೋಗಿ ಅನ್ನುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರ ಕಣ್ಣಲ್ಲಿ ನೀರು ತುಂಬಿತು, ತಲೆ ಆಡಿಸಿದರು. ಆ ತಲೆಯಾಟವನ್ನು ಹುಡುಗಿ ನೋಡಿದಳು. ನಾನು ಅವಳ ಕಡೆ ತಿರುಗಿ, ‘ದೊಡ್ಡ ರಜೆಲಿ’ ಎಂದೆ.

ಅವಳು ನಕ್ಕಳು. ಸತ್ಯ ಕೇಳಿಯೂ ಮಗು ನಗುತ್ತಿದೆ ಎಂದುಕೊಂಡ ಆ ಹೆಂಗಸು ಅವಳನ್ನು ತಬ್ಬಿಕೊಂಡರು. ಒಂದು ನಿಮಿಷವೂ ಹಿಡಿಯಲಿಲ್ಲ ಇದೆಲ್ಲ. ವ್ಯಾನು ಹೊರಟಿತು. ಪಾಸ್ಟರ ಹೆಂಡತಿ ನನಗೆ ಚಹಾ ಕೊಟ್ಟರು. ಹತ್ತೂವರೆಯ ಬಸ್ಸಿಗೆ ನಾನು ಮನೆಗೆ ಬಂದೆ.

ಎರಡು ತಿಂಗಳ ಮೇಲೆ, ಪಾಸ್ಟರ ಮೂಲಕ, ಅವರದೊಂದು ಕಾಗದ ಬಂತು. ಗುಂಡುಗುಂಡಾದ ಅಕ್ಷರ. ‘ನಾನು ಬದುಕಿನಲ್ಲಿ ಎಷ್ಟೋ ಜನಕ್ಕೆ ಸತ್ಯ ಹೇಳಿದ್ದೇನೆ, ಯಾರೂ ಆ ಮಗುವಿನ ಹಾಗೆ ಅದನ್ನು ತೆಗೆದುಕೊಳ್ಳಲಿಲ್ಲ. ನಿನ್ನ ದನಿ ಅದನ್ನು ಮೃದು ಮಾಡಿರಬೇಕು. ನನ್ನ ಮನಸ್ಸು ಹಗುರಾಗಿದೆ’ ಎಂದು ಬರೆದಿದ್ದರು. ಏನೆಂದು ಉತ್ತರ ಬರೆಯಲಿ? ಬರೆಯಬೇಕು ಅಂದುಕೊಳ್ಳುತ್ತಿರುವಾಗಲೇ, ಬೇಸಿಗೆ ಶುರುವಾಗುವ ಹೊತ್ತಿಗೆ, ಅವರು ತೀರಿಹೋದ ಸುದ್ದಿ ಬಂತು.

ಮೇ ತಿಂಗಳ ಕೊನೆಯಲ್ಲಿ ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಪಾಸ್ಟರ ಹೆಂಡತಿ ಸಿಕ್ಕಿದರು. ನನಗೆ ಆಗಷ್ಟೇ ಕುಮಟೆಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು, ಮದುವೆಯೂ ಗೊತ್ತಾಗಿತ್ತು. ಆ ಸಂತೋಷದ ಮಾತೆಲ್ಲ ಆದ ಮೇಲೆ ಅವರು, ‘ಟೀಚರ್, ನಿಮ್ಮ ಆ ಗುಂಡಿಯ ಹುಡುಗಿಯದ್ದೊಂದು ಕತೆ ಆಯಿತು’ ಎಂದರು.

ಬೇಸಿಗೆ ರಜೆ ಶುರುವಾದ ವಾರವೇ ಭಟ್ಕಳದಿಂದ ಚಿಕ್ಕಮ್ಮ ಬಂದಿದ್ದಳಂತೆ. ಅವಳಿಗೆ ಬಂದರದ ರಸ್ತೆಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತ್ತು. ಬೆಳಗಿನ ಹೊತ್ತು ಮಗುವನ್ನು ನೋಡಿಕೊಳ್ಳಲು ಪಕ್ಕದ ಮನೆಯ ಅಜ್ಜಿ ಒಪ್ಪಿದ್ದಳು. ಇನ್ನು ಹಾಸ್ಟೆಲ್ ಬೇಡ, ಮಗಳನ್ನು ಶಾಶ್ವತವಾಗಿ ಕರೆದುಕೊಂಡೇ ಹೋಗುತ್ತೇನೆ ಎಂದು ಹೊಸ ಫ್ರಾಕು ತಂದಿದ್ದಳು. ಹುಡುಗಿ ಒಳಗೆ ಓಡಿ ಕಿಟಕಿಯ ಸರಳು ಹಿಡಿದುಕೊಂಡಳು. ಎಷ್ಟು ಬಿಡಿಸಿದರೂ ಬಿಡಲಿಲ್ಲ.

‘ಒಂದೇ ಹಟ. ಬತ್ತೆ ಅಂದಿರು, ದೊಡ್ಡ ರಜೆಲಿ ಬತ್ತೆ ಅಂದಿರು, ನಾ ಇಲ್ಲಿಲ್ದಿದ್ರೆ ಅವ್ರು ಎಲ್ಲಿ ಹುಡುಕ್ತ್ರು ಅಂತ’ ಎಂದರು ಪಾಸ್ಟರ ಹೆಂಡತಿ. ‘ಚಿಕ್ಕಮ್ಮ ಮೂರು ಗಂಟೆ ಕೂತು ನೋಡಿದಳು. ಕಡೆಗೆ ಫ್ರಾಕು ಬಿಟ್ಟು ಹೋದಳು, ಪಾಪ. ಆ ಪರದೇಶದ ಅಮ್ಮ ತೀರಿಹೋದದ್ದನ್ನು ಹುಡುಗಿಗೆ ನಾವು ಹೇಳಿಲ್ಲ. ನೀವು ಒಂದು ಸಲ ಬಂದು ಮಾತಾಡಿ. ನಿಮ್ಮ ಮಾತು ಕೇಳ್ತಾಳೆ.’

‘ಖಂಡಿತ ಬರ್ತೇನೆ’ ಎಂದೆ. ಹೋಗಲಿಲ್ಲ.

ಕಾರಣಗಳಿದ್ದವು. ಮದುವೆಯ ಓಡಾಟ, ಹೊಸ ಕೆಲಸ, ಆಮೇಲೆ ಮಳೆ. ನಿಜವಾದ ಕಾರಣ, ಹೋದರೆ ಪಾಸ್ಟರ ಎದುರಿಗೆ, ಅವರ ಹೆಂಡತಿಯ ಎದುರಿಗೆ, ನಾನು ಏನು ಮಾಡಿದೆ ಎಂದು ಹೇಳಬೇಕಾಗುತ್ತಿತ್ತು. ಮಾತು ಕೊಟ್ಟು ತಪ್ಪಿದ್ದು, ಸಾಯುವವಳಿಗೆ ಸುಳ್ಳು ಹೇಳಿದ್ದು. ಮಗು ಹೇಗೂ ಮರೆಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮುರ್ಡೇಶ್ವರಕ್ಕೋ ಭಟ್ಕಳಕ್ಕೋ ಹೋಗಬೇಕಾಗಿ ಬಂದಾಗ, ಮಕ್ಕಳ ಮನೆಯ ಗೇಟು ಬಲಕ್ಕೆ ಕಾಣುತ್ತದೆಂದು ಬಸ್ಸಿನ ಎಡಗಡೆ ಕೂರುತ್ತಿದ್ದೆ. ಒಂದು ಸಲ ಎಡಗಡೆ ಸೀಟು ಸಿಗದೆ, ಸೇತುವೆ ದಾಟಿದ ಮೇಲೆ ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಪಕ್ಕದವರು ತಲೆ ತಿರುಗುತ್ತದೆಯಾ ಎಂದು ಕೇಳಿ ಲಿಂಬೆಹಣ್ಣು ಕೊಟ್ಟರು.

ಆದರೆ ಕ್ಲಾಸಿನಲ್ಲಿ ತಪ್ಪಿಸಿಕೊಳ್ಳುವುದು ಹೇಗೆ? ಪರೀಕ್ಷೆಯ ದಿನ ಹೇಳಿದಾಗ, ಪ್ರವಾಸದ ಮಾತು ಬಂದಾಗ, ಹಿಂದಿನ ಬೆಂಚಿನಿಂದ ಯಾರಾದರೂ ‘ಯಾವಾಗ ಮೇಡಂ?’ ಎನ್ನುತ್ತಾರೆ. ಹಲ್ಲು ಬಿದ್ದ ಬಾಯಿಯ ಆ ‘ಯಾವಾಗ’ ಕೇಳಿಸುತ್ತದೆ. ನನ್ನ ಮಗಳು ಏಳು ವರ್ಷದವಳಾದ ವರ್ಷವಂತೂ ಅವಳು ಬಾಗಿಲಲ್ಲಿ ನಿಂತು, ‘ಆಯಿ, ಯಾವಾಗ ಬತ್ಯ?’ ಎಂದು ಕೇಳಿದಾಗಲೆಲ್ಲ ಗಡಿಯಾರ ನೋಡಿ ಸರಿಯಾದ ಹೊತ್ತು ಹೇಳುತ್ತಿದ್ದೆ. ಐದು ನಿಮಿಷ ತಡವಾದರೆ ಫೋನು ಮಾಡುತ್ತಿದ್ದೆ. ಗಂಡನಿಗೆ ಇದು ವಿಚಿತ್ರವಾಗಿ ಕಾಣುತ್ತಿತ್ತು. ಅವರಿಗೂ ಏನೂ ಹೇಳಿರಲಿಲ್ಲ.

ಎಲ್ಲ ನಡೆದು ಮೂರು ವರ್ಷವಾದ ಮೇಲೆ ಒಮ್ಮೆ ಧೈರ್ಯ ಮಾಡಿ ಅಲ್ಲಿ ಬಸ್ಸಿಳಿದೆ. ರಸ್ತೆ ಅಗಲ ಮಾಡಲು ಮನೆಯ ಮುಂಭಾಗವನ್ನು ಒಡೆದಿದ್ದರು. ಹಂಚು ಇಳಿಸಿಯಾಗಿತ್ತು. ಚಳಿ ದೇಶದವರು ಬಳಿದ ಹಸಿರು ಬಣ್ಣದ ಒಂದು ಗೋಡೆ ಬಿಸಿಲಿಗೆ ನಿಂತಿತ್ತು. ಹಿಂದಿನ ಜಗಲಿ ಹಾಗೇ ಇತ್ತು. ಅಲ್ಲಿಗೆ ಹೋಗಿ ಕೂತುಕೊಳ್ಳಲು ನನಗೆ ಆಗಲಿಲ್ಲ. ಆಚೆ ಮನೆಯ ಹೆಂಗಸು, ‘ಮಕ್ಳನ್ನೆಲ್ಲ ಕಾರವಾರದ ಸರ್ಕಾರಿ ಹಾಸ್ಟೆಲ್ಲಿಗೆ ಕರ್ಕಂಡ್ ಹೋದ್ರು. ಪಾಸ್ಟರು ಊರು ಬಿಟ್ರು. ನಿಮಗೆ ಯಾರು ಬೇಕಾಗಿತ್ತು?’ ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಕಾರವಾರ ನಮಗೆ ದೂರವಲ್ಲ. ಎಷ್ಟೋ ಕೆಲಸಕ್ಕೆ ಹೋಗಿ ಬಂದಿದ್ದೇನೆ. ಆ ಹಾಸ್ಟೆಲ್ ಎಲ್ಲಿದೆ ಎಂದು ಯಾರನ್ನೂ ಕೇಳಲಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ ಅತ್ತಿಗೆಯ ಮಗಳ ಮದುವೆಗೆ ಸೀರೆ ತೆಗೆಯಲು ಅತ್ತಿಗೆಯೂ ನಾನೂ ಭಟ್ಕಳಕ್ಕೆ ಹೋಗಿದ್ದೆವು. ಪೇಟೆಯ ಒಂದು ದೊಡ್ಡ ಬಟ್ಟೆ ಅಂಗಡಿ. ಸೀರೆ ಹರವಿ ತೋರಿಸುತ್ತಿದ್ದ ಹುಡುಗಿ ಇಪ್ಪತ್ತರ ಆಸುಪಾಸಿನವಳು. ಗಲ್ಲೆಯಲ್ಲಿದ್ದ ಮಾಲಕರ ಹತ್ತಿರ ಅಲ್ಲಿನ ಮುಸ್ಲಿಮರ ಮಾತಾದ ನವಾಯತಿಯಲ್ಲಿ, ಪಕ್ಕದ ಗಿರಾಕಿಯ ಹತ್ತಿರ ಕೊಂಕಣಿಯಲ್ಲಿ, ನಮ್ಮ ಹತ್ತಿರ ಕನ್ನಡದಲ್ಲಿ ಚಟಪಟ ಮಾತಾಡುತ್ತಿದ್ದಳು. ಅತ್ತಿಗೆ ಒಂದು ಸೀರೆಯನ್ನು ಎತ್ತಿ ಹಿಡಿದಾಗ ನಾನು, ‘ಅಂಚು ಚೆನ್ನಾಗಿದೆ, ಬಣ್ಣ ಸ್ವಲ್ಪ ಕಡುವಾಯಿತು’ ಎಂದೆ.

ಹುಡುಗಿಯ ಕೈ ನಿಂತಿತು.

‘ಅಕ್ಕೋರೆ, ನೀವು ಹಳದೀಪುರದವ್ರಲ್ವಾ?’ ಎಂದಳು. ನಮ್ಮ ಕಡೆ ಮಕ್ಕಳು ಹೆಣ್ಣು ಟೀಚರನ್ನು ಅಕ್ಕೋರು ಎನ್ನುತ್ತಾರೆ. ನನ್ನ ಹಳೆಯ ವಿದ್ಯಾರ್ಥಿನಿ ಇರಬೇಕು ಎಂದುಕೊಂಡೆ. ‘ಮೋರೆ ನೋಡಿ ಗೊತ್ತಾಗಲಿಲ್ಲ. ದನಿ ಕೇಳ್ತಿದ್ದಂಗೆ ಗೊತ್ತಾತು’ ಎಂದು ನಕ್ಕಳು. ಹಲ್ಲೆಲ್ಲ ಬಂದಿದ್ದವು. ಆದರೂ ಆ ನಗೆ ನನಗೆ ಗುರುತು ಸಿಕ್ಕಿತು.

ಅವಳ ಊಟದ ಹೊತ್ತಿಗೆ ಅತ್ತಿಗೆಯನ್ನು ಚಿನ್ನದ ಅಂಗಡಿಗೆ ಕಳಿಸಿ ನಾನು ಹಿಂದೆ ಉಳಿದೆ. ಬಟ್ಟೆಯ ಗಂಟು ಇಡುವ ಹಿಂದಿನ ಕೋಣೆಯಲ್ಲಿ ಇಬ್ಬರೂ ಕೂತೆವು. ಕಾರವಾರದಲ್ಲಿ ಹತ್ತನೆಯ ತರಗತಿ ಮುಗಿಸಿದ್ದು, ಹದಿನೆಂಟು ತುಂಬಿದ ಮೇಲೆ ತಾನೇ ಭಟ್ಕಳಕ್ಕೆ ಬಂದು ಚಿಕ್ಕಮ್ಮನನ್ನು ಹುಡುಕಿದ್ದು, ಅಷ್ಟರಲ್ಲಿ ಚಿಕ್ಕಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದ್ದು, ಈಗ ತಾನು ಅವಳನ್ನು ನೋಡಿಕೊಳ್ಳುತ್ತಿರುವುದು, ಎಲ್ಲವನ್ನೂ ಅನ್ನ ಕಲಸುತ್ತ ಹೇಳಿದಳು. ನನಗೆ ತಡೆಯಲಾಗಲಿಲ್ಲ.

‘ಅವತ್ತು ನಾನು ನಿನಗೆ ಸುಳ್ಳು ಹೇಳಿದೆ. ಆ ಅಜ್ಜಿ ಬರ್ತೇನೆ ಅಂತ ಹೇಳಿರಲೇ ಇಲ್ಲ. ನೀನು ಅವರಿಗೆ ಕಾಯ್ತಾ...’

‘ಯಾವ ಅಜ್ಜಿ?’ ಎಂದಳು. ಆಮೇಲೆ, ‘ಹಾಂ, ಗುಂಡಿ ಹಚ್ತ ಇದ್ದಿರಲ್ಲ, ಬಿಳೀ ಅಜ್ಜಿ. ಅವ್ರು ಬರೂದಿಲ್ಲ ಅಂತ ನಂಗೆ ಗೊತ್ತಿತ್ತು ಅಕ್ಕೋರೆ. ಹಾಸ್ಟೆಲ್ಲಿಗೆ ವಿಮಾನದಲ್ಲಿ ಬಂದವ್ರು ಯಾರೂ ತಿರಗಿ ಬಂದವ್ರಲ್ಲ. ದೊಡ್ಡ ಹುಡ್ಗೀರು ಎಲ್ಲಾ ಹೇಳ್ತಿದ್ರು.’

‘ಮತ್ತೆ ಯಾರಿಗೆ ಕಾದೆ?’

ಅವಳು ನನ್ನನ್ನು ಸ್ವಲ್ಪ ಆಶ್ಚರ್ಯದಿಂದ ನೋಡಿದಳು. ‘ನಿಮಗೆ. ನೀವೇ ಅಲ್ರಾ ಹೇಳಿದ್ದು? ನಾ ಈಗ ಹೋಗಿ ಬತ್ತೆ, ದೊಡ್ಡ ರಜೆಲಿ ಬತ್ತೆ ಅಂತ? ನಂಗೆ ಹುಷಾರಿಲ್ಲ ಅಂತನೂ ಹೇಳಿದ್ರಿ. ನೀವು ಹಳದೀಪುರದವ್ರು ಅಂತ ನಂಗೆ ಗೊತ್ತಿತ್ತು. ಅಷ್ಟು ಹತ್ರ. ಹುಷಾರಾದ ಕೂಡ್ಲೆ ಬತ್ರು ಅಂತ ಮಾಡ್ಕಂಡಿದ್ದೆ.’

ಕೋಣೆಯಲ್ಲಿ ಹೊಸ ಬಟ್ಟೆಯ ಗಂಜಿಯ ವಾಸನೆ ತುಂಬಿಕೊಂಡಿತ್ತು. ಸತ್ತವರೊಬ್ಬರ ಹೆಸರಿನಲ್ಲಿ ಇಷ್ಟು ವರ್ಷ ನಾನು ಕೊರಗಿದ್ದೆ. ಅವಳು ಕಾದದ್ದು ಬದುಕಿದ್ದವಳಿಗೆ, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿದ್ದವಳಿಗೆ. ಆ ಮೇ ತಿಂಗಳಲ್ಲಿ ಒಂದೇ ಒಂದು ದಿನ ಹೋಗಿದ್ದರೆ, ಏನೂ ಹೇಳದೆ ಬರೀ ಗೇಟಿನಲ್ಲಿ ನಿಂತಿದ್ದರೆ ಸಾಕಿತ್ತು.

‘ಆ ಅಜ್ಜಿ ಖರೆ ಅಂದ್ರೆ ಎಂತ ಹೇಳಿದ್ರು?’ ಎಂದು ಅವಳು ಕೇಳಿದಳು.

ಹೇಳಿದೆ. ಈ ಸಲ ಒಂದು ಶಬ್ದವನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಅವರು ನಿಲ್ಲಿಸಿದಲ್ಲೆಲ್ಲ ನಿಲ್ಲಿಸಿ ಹೇಳಿದೆ. ನಿನ್ನವರು ಬಂದರೆ ಖುಷಿಯಿಂದ ಅವರ ಜೊತೆ ಹೋಗು ಅನ್ನುವಲ್ಲಿಗೆ ಬಂದಾಗ ಅವಳು ಊಟದ ಡಬ್ಬಿಯ ಮುಚ್ಚಳ ಹಾಕಿ, ಎದ್ದು ಹೋಗಿ ಕೈ ತೊಳೆದು ಬಂದಳು. ಮುಖವನ್ನೂ ತೊಳೆದುಕೊಂಡಿದ್ದಳು.

‘ಅಕ್ಕೋರೆ, ಒಂದು ಕೆಲ್ಸ ಮಾಡ್ತ್ರಾ?’ ಎಂದಳು. ‘ನಮ್ಮ ಚಿಕ್ಕಿಗೆ ಇದನ್ನ ಬಂದು ಹೇಳ್ತ್ರಾ? ನಾ ಅವತ್ತು ಯಾಕೆ ಹೋಗಲಿಲ್ಲ ಅಂತ ಎಷ್ಟ್ ಹೇಳಿರೂ ಅವಳು ನಂಬೂದಿಲ್ಲ. ನೀವು ಹೇಳಿರೆ ನಂಬ್ತ್ಲು.’

ಮುಂದಿನ ಭಾನುವಾರ ಹೋದೆ. ಎಷ್ಟು ಗಂಟೆಗೆ ಎಂದು ಮೊದಲೇ ಹೇಳಿದ್ದೆ. ಅದಕ್ಕೂ ಹತ್ತು ನಿಮಿಷ ಮುಂಚೆ ಬಂದರದ ರಸ್ತೆಯ ಆ ಮನೆಯ ಬಾಗಿಲಲ್ಲಿದ್ದೆ. ಚಿಕ್ಕಮ್ಮ ಐವತ್ತರ ಹೆಂಗಸು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು, ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು. ಹಾಸ್ಟೆಲ್ಲಿನ ಅಕ್ಕೋರು ಎಂದು ಹುಡುಗಿ ಪರಿಚಯ ಮಾಡಿಸಿದ ಕೂಡಲೇ ಎಡಗೈಯನ್ನೇ ಹಣೆಗೆ ಒಯ್ದು ನಮಸ್ಕಾರ ಮಾಡಿದಳು. ‘ನಮ್ಮ ಹುಡ್ಗಿಗೆ ಅಕ್ಷರ ಕಲ್ಸಿದವ್ರು. ಕೂತ್ಕಣಿ, ಕೂತ್ಕಣಿ’ ಎಂದಳು.

ನಾನು ಕೂತು ಎಲ್ಲ ಹೇಳಿದೆ. ಮಾತು ಸುತ್ತಿಸಲಿಲ್ಲ. ಬರುತ್ತೇನೆಂದು ಹೇಳಿದವಳು ನಾನು, ಬಾರದವಳೂ ನಾನು, ಇವಳು ನನಗೆ ಕಾಯುತ್ತ ನಿಮ್ಮ ಜೊತೆ ಬರಲಿಲ್ಲ ಎಂದೆ. ಚಿಕ್ಕಮ್ಮ ಕೇಳುತ್ತ ಕೇಳುತ್ತ ನನ್ನ ಮುಖ ಬಿಟ್ಟು ಹುಡುಗಿಯ ಮುಖ ನೋಡತೊಡಗಿದಳು.

‘ಅವತ್ತು ನಾನು ಎರಡು ಸಲ ಮಿಂದಿದ್ದೆ’ ಎಂದಳು ಕಡೆಗೆ. ನಾಲಗೆ ಸ್ವಲ್ಪ ತೊದಲುತ್ತಿತ್ತು. ‘ಸಾಬೂನು ಹಚ್ಚಿ ಎರಡು ಸಲ. ಹೂ ಮುಡ್ಕಂಡಿದ್ದೆ. ಅಲ್ಲಿ ಎಲ್ಲಾ ಚೊಕ್ಕ ಇತ್ತು, ಹೊಸ ಬಣ್ಣ ಬಳ್ದಿದ್ರು. ಇದು ನನ್ನ ಕಂಡ್ಕೂಡ್ಲೆ ಒಳಗೆ ಓಡ್ತು. ಯಾರೋ ಬತ್ರು ಅಂದದ್ದೆಲ್ಲ ಬರೀ ನೆವ, ಚೊಕ್ಕ ಜಾಗದಲ್ಲಿ ಇದ್ದ ಹುಡ್ಗಿ, ನನ್ನ ಮೈಯ ಮೀನಿನ ವಾಸ್ನೆಗೆ ಹೇಸ್ಕಂಡ್ತು ಅಂತ ತಿಳ್ಕಂಡೆ. ಇನ್ನು ಅದರ ಕಣ್ಣಿಗೆ ಬೀಳೂದು ಬ್ಯಾಡ ಅಂತ ಆಮೇಲೆ ಆ ಬದಿಗೇ ಹೋಗಲಿಲ್ಲ.’

ಹುಡುಗಿ ಒಲೆಯ ಮುಂದೆ ಚಹಾಕ್ಕೆ ನೀರಿಡುತ್ತಿದ್ದವಳು ಹಾಗೇ ನಿಂತಿದ್ದಳು. ಈ ಮಾತನ್ನು ಅವಳೂ ಮೊದಲ ಸಲ ಕೇಳುತ್ತಿದ್ದಳು ಎಂದು ಅವಳ ಬೆನ್ನು ನೋಡಿದರೇ ತಿಳಿಯುತ್ತಿತ್ತು.

‘ವಾಸ್ನೆಗೆ ಅಲ್ದಾ?’ ಎಂದಳು ಚಿಕ್ಕಮ್ಮ.

‘ಅಲ್ಲ ಚಿಕ್ಕಿ.’

‘ಖರೆ ಅಲ್ದಾ?’

‘ಅಲ್ಲ. ಅವತ್ತು ನಂಗೆ ಎಂತ ವಾಸ್ನೆನೂ ಬರಲಿಲ್ಲ.’

ಚಹಾ ಕುಡಿದು ಎದ್ದೆ. ಚಿಕ್ಕಮ್ಮ ಗೋಡೆಯ ಕಡೆ ತಿರುಗಿ ಕೂತಿದ್ದಳು. ನಾನು ಚಪ್ಪಲಿ ಮೆಟ್ಟುವಾಗ ಅವಳು ಇನ್ನೊಮ್ಮೆ ಅದೇ ಪ್ರಶ್ನೆ ಕೇಳಿದ್ದು, ಹುಡುಗಿ ಅದೇ ಉತ್ತರ ಹೇಳಿದ್ದು ಕೇಳಿಸಿತು. ಆಮೇಲೆ ನಾಲ್ಕು ಸಲ ಹೋಗಿದ್ದೇನೆ. ಹುಡುಗಿ ಚಹಾ ಮಾಡುತ್ತಾಳೆ, ಅಂಗಡಿಯ ಸುದ್ದಿ ಹೇಳುತ್ತಾಳೆ. ಚಿಕ್ಕಮ್ಮ ನನ್ನ ಹತ್ತಿರ ಮಾತಾಡುವುದಿಲ್ಲ. ಬರಬೇಡಿ ಎಂದೂ ಹೇಳಿಲ್ಲ.